ನಾಲ್ಕು ಲೀ, ಎರಡು ಯೂ, ಒಂದು ನೋಟ್‌ಬುಕ್

ಮೊನ್ನೆ ರಾತ್ರಿ ಹನ್ನೊಂದೂವರೆಗೆ 551ನೇ ಅಧ್ಯಾಯ ಮುಗಿಯಿತು. 'ಆಮ್ನಿಶಿಯಂಟ್ ರೀಡರ್ಸ್ ವ್ಯೂಪಾಯಿಂಟ್', ಆನ್‌ಲೈನಿನಲ್ಲಿ ಕಂತುಕಂತಾಗಿ ಬಂದ ಕೊರಿಯಾದ ವೆಬ್ ಕಾದಂಬರಿ. ತಾನು ಓದಿದ ಕತೆಯೇ ನಿಜವಾಗಿಬಿಡುವ ಒಬ್ಬ ಓದುಗನ ಕತೆ. ಅರ್ಧಕ್ಕೇ ಬಿಟ್ಟವರು ನಿಮ್ಮಲ್ಲೂ ಇದ್ದೀರಿ, ಗೊತ್ತು. ನಾನೂ ಮೂರು ಸಲ ಬಿಟ್ಟವನೇ. ನಾಲ್ಕನೇ ಸಲ ಸುಮಾರು ಐದು ತಿಂಗಳಲ್ಲಿ ದಡ ಮುಟ್ಟಿದೆ. ನನ್ನ ಉಪಾಯ ಕೇಳಿ ನಕ್ಕಿದ್ದ ಇಬ್ಬರು ಈಗ "ಆ ನೋಟ್‌ಬುಕ್ಕಿನ ಫೋಟೊ ಕಳಿಸು ಮಾರಾಯ" ಅಂತ ಮೆಸೇಜ್ ಮಾಡುತ್ತಿದ್ದಾರೆ. ಕಳಿಸುವುದಿಲ್ಲ. ಬೇಕಾದರೆ ಇದನ್ನು ಓದಲಿ.

ಉಪಾಯ ಇಷ್ಟೇ. ಇಂಗ್ಲಿಷ್ ಅನುವಾದವನ್ನು ಕಣ್ಣಲ್ಲಿ ಓದುವುದು, ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವುದು. ಕೊರಿಯನ್ನಿನಿಂದ ಇಂಗ್ಲಿಷಿಗೆ ಬಂದಿದ್ದೇ ಒಂದು ಅನುವಾದ, ಅದರ ಮೇಲೆ ಇನ್ನೊಂದಾ? ಹುಳಿ ಸಾರಿಗೆ ಮತ್ತೆ ನೀರು ಹೊಯ್ದ ಹಾಗೆ ಅಂತ ಒಬ್ಬ ಗೆಳೆಯ ಅಂದಿದ್ದ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಮೊದಲನೇ ಸಲ ಕೆಟ್ಟಿದ್ದು ಪಾತ್ರಗಳ ಹೆಸರುಗಳಿಂದ. ಲೀ ಹ್ಯುನ್‌ಸಂಗ್, ಲೀ ಜಿಹ್ಯೆ, ಲೀ ಗಿಲ್‌ಯಂಗ್, ಲೀ ಸೊಲ್ಹ್ವಾ. ಆಮೇಲೆ ಯೂ ಜುಂಗ್‌ಹ್ಯುಕ್, ಯೂ ಸಾಂಗಾ. ಇವರ ಮಧ್ಯೆ ಶಿನ್ ಯೂಸಂಗ್ ಬೇರೆ. ನಲವತ್ತನೇ ಅಧ್ಯಾಯದ ಹೊತ್ತಿಗೆ ಸೈನಿಕ ಯಾರು, ಶಾಲೆಯ ಹುಡುಗಿ ಯಾರು, ಹುಳುಗಳ ಜೊತೆ ಮಾತಾಡುವ ಪುಟ್ಟ ಹುಡುಗ ಯಾರು ಅಂತ ತಲೆ ಕಲಸಿಹೋಯಿತು. ಬಿಟ್ಟೆ.

ಎರಡನೇ ಸಲ ದುಡ್ಡು ಉಳಿಸಲು ಹೋದೆ. ಮೆಶಿನ್ ಅನುವಾದದ ಪ್ರತಿ ಸಿಕ್ಕಿತು, ಎಲ್ಲಿ ಅಂತ ಕೇಳಬೇಡಿ. ಕೊರಿಯನ್ನಿನಲ್ಲಿ 'ನಾನು', 'ಅವನು', 'ಅವಳು' ಎಲ್ಲ ಸುಮ್ನೆ ಬಿಟ್ಟುಬಿಡುತ್ತಾರೆ, ನಾವು "ಬಂದೆ", "ಹೋದೆ" ಅಂದ ಹಾಗೆ. ನಮಗಾದರೆ ಕ್ರಿಯಾಪದದ ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ. ಅಲ್ಲಿ ಆ ಬಾಲವೂ ಇಲ್ಲ. ಮೆಶಿನ್ ಪಾಪ ಊಹೆ ಮಾಡುತ್ತದೆ. ಒಂದೇ ಹೊಡೆದಾಟದಲ್ಲಿ ಯೂ ಜುಂಗ್‌ಹ್ಯುಕ್ ಮೂರು ಸಲ 'ಅವಳು' ಆದ. ಇನ್ನೊಂದು ಕಡೆ "ಆಕಾಶದಿಂದ ಕಣ್ಣು ಬೀಳುತ್ತಿತ್ತು" ಅಂತ ಇತ್ತು. ಫ್ಯಾಂಟಸಿ ಅಲ್ವಾ, ಇರಬಹುದು ಅಂದುಕೊಂಡು ಎರಡು ಪುಟ ಓದಿದೆ. ಆಮೇಲೆ ಗೊತ್ತಾಯಿತು, ಅವರಲ್ಲಿ ಕಣ್ಣಿಗೂ ಹಿಮಕ್ಕೂ 'ನೂನ್' ಅಂತ ಒಂದೇ ಮಾತು. ಎಲ್ಲಕ್ಕಿಂತ ನಗು ಬಂದಿದ್ದು ನಾಯಕನ ಹೆಸರಿಗೆ. ಒಂದು ಸಾಲಿನಲ್ಲಿ ಕಿಮ್ ದೋಕ್‌ಜಾ, ಮುಂದಿನ ಸಾಲಿನಲ್ಲಿ 'ರೀಡರ್'. ದೋಕ್‌ಜಾ ಅಂದರೆ ಓದುಗ ಅಂತಲೂ ಆಗುತ್ತದೆ, ಒಬ್ಬನೇ ಮಗ ಅಂತಲೂ ಆಗುತ್ತದೆ. ಇಡೀ ಕಾದಂಬರಿ ನಿಂತಿರುವುದೇ ಆ ಶ್ಲೇಷೆಯ ಮೇಲೆ. ಮೆಶಿನ್ ಅದನ್ನು ತಪ್ಪಾಗಿ ಬಿಡಿಸಿ ನನಗೆ ಸರಿಯಾದ ಸುಳಿವು ಕೊಟ್ಟಿತು ಅನ್ನಬೇಕು. ಆದರೂ ನೂರರ ಆಸುಪಾಸಿನಲ್ಲಿ ಬಿಟ್ಟೆ.

ಮೂರನೇ ಸಲ ದುಡ್ಡೇ ಹೋಯಿತು. ಕೊರಿಯಾದಲ್ಲಿ ವೆಬ್ ಕಾದಂಬರಿಯ ಒಂದು ಅಧ್ಯಾಯಕ್ಕೆ ಸಾಮಾನ್ಯವಾಗಿ 100 ವನ್, ನಮ್ಮ ಆರು ರೂಪಾಯಿ ಹತ್ತಿರ. ಸುಮಾರು 5,000 ಅಕ್ಷರದ ಒಂದು ಅಧ್ಯಾಯ, ಸರಿಯಾದ ಜಾಗದಲ್ಲಿ ಕತ್ತರಿ. ಅದಕ್ಕೆ ಅವರು 'ಜೊಲ್ದಾನ್' ಅಂತಾರೆ, ಕತ್ತರಿಸುವುದು ಅಂತ. ನಾನು ಹಿಡಿದಿದ್ದು ಬೇರೆ ಯಾವುದೋ ಆ್ಯಪ್. ಅಲ್ಲಿ ಕಾಯಿನ್ ಕೊಳ್ಳಬೇಕು, ಅಧ್ಯಾಯ ಬಿಚ್ಚಬೇಕು. ರಾತ್ರಿ ಒಂದು ಗಂಟೆಗೆ ಕತ್ತರಿ ಬಿದ್ದಾಗ ಯಾರು ಲೆಕ್ಕ ಇಡುತ್ತಾರೆ? ಒಂದೂವರೆ ತಿಂಗಳಲ್ಲಿ ಎರಡು ಸಾವಿರದ ಇನ್ನೂರೋ ಮುನ್ನೂರೋ ಹೋಯಿತು. ಬೋನಸ್ ಕಾಯಿನ್ನಿಗೆ ಅವಧಿ ಇದೆ ಅಂತ ಅವಧಿ ಮುಗಿದ ಮೇಲೆ ತಿಳಿಯಿತು. ಆರುನೂರು ರೂಪಾಯಿ ಅಲ್ಲಿ. ಮೇಲ್ ಹಾಕಿದೆ, "ನಿಮ್ಮ ಅನುಭವ ನಮಗೆ ಮುಖ್ಯ" ಅಂತ ಉತ್ತರ ಬಂತು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇಷ್ಟಾದ ಮೇಲೆ ಬುದ್ಧಿ ಬಂದಿದ್ದು ಕೊರಿಯನ್ನಿನ ಹ್ಯಾಂಗುಲ್ ಲಿಪಿಯಿಂದ. ಸುಮ್ನೆ ಕುತೂಹಲಕ್ಕೆ ಕಲಿತೆ. ಮೂಲ ವ್ಯಂಜನ 14, ಮೂಲ ಸ್ವರ 10. ವ್ಯಂಜನಕ್ಕೆ ಸ್ವರ ಅಂಟಿಸಿ ಒಂದು ಚೌಕದಲ್ಲಿ ಕೂರಿಸುತ್ತಾರೆ. ಕಾಗುಣಿತ ಗೊತ್ತಿದ್ದವರಿಗೆ ನಾಲ್ಕೈದು ಸಂಜೆಯ ಕೆಲಸ. ಆಗ ಹೆಸರುಗಳನ್ನು ಹ್ಯಾಂಗುಲ್ಲಿನಿಂದ ನೇರ ಕನ್ನಡಕ್ಕೆ ಬರೆದೆ. ಅದೇ ತಿರುವು. ಇಂಗ್ಲಿಷಿನ 'ಯು' ಅಕ್ಷರದ ಹಿಂದೆ ಮೂರು ಬೇರೆ ಬೇರೆ ಸ್ವರ ಅಡಗಿದ್ದವು. ಹ್ಯುನ್‌ಸಂಗ್ ಅಲ್ಲ, ಹ್ಯೊನ್‌ಸೊಂಗ್. ಜುಂಗ್‌ಹ್ಯುಕ್ ಅಲ್ಲ, ಜುಂಗ್‌ಹ್ಯೊಕ್. 'ಲೀ' ಅನ್ನುವುದಂತೂ ಇಲ್ಲವೇ ಇಲ್ಲ, ಅದು ಬರೀ 'ಈ'. ಪಾರ್ಕ್ ಅಂತ ಬರೆಯುವುದು 'ಬಾಕ್', ಅದರಲ್ಲಿ 'ರ' ಎಲ್ಲಿಂದ ಬಂತೋ. ನಾಲ್ಕು ಲೀಗಳೂ ಕನ್ನಡದಲ್ಲಿ ಬರೆದ ತಕ್ಷಣ ಬೇರೆ ಬೇರೆ ಮುಖ ಆಗಿ ನಿಂತರು. ಅರವತ್ತು ರೂಪಾಯಿಯ ನೋಟ್‌ಬುಕ್, ಎಡಗಡೆ ಹೆಸರು, ಬಲಗಡೆ ಯಾರಿಗೆ ಏನಾಗಬೇಕು.

ಆ ಬಲಗಡೆಯೇ ಜೀವಾಳ. ಇಂಗ್ಲಿಷಿನಲ್ಲಿ ಎಲ್ಲರೂ ಎಲ್ಲರಿಗೂ 'ಯು'. ಕೊರಿಯನ್ನಿನಲ್ಲಿ ಸಲುಗೆಯ ಮಾತು, ಮರ್ಯಾದೆಯ ಮಾತಿನ ಲೆಕ್ಕ ನಮ್ಮಷ್ಟೇ ಬಿಗಿ. ಯೂ ಸಾಂಗಾ ನಾಯಕನ ಆಫೀಸಿನವಳು, ಅವರಿಬ್ಬರೂ 'ನೀವು'. ಯೂ ಜುಂಗ್‌ಹ್ಯೊಕ್ ಎಂಥ ಗಳಿಗೆಯಲ್ಲೂ 'ನೀನು'. ಜಿಹ್ಯೆ ಅವನನ್ನು ಗುರು ಅಂತ ಕರೆಯುತ್ತಾಳೆ, ನಮ್ಮ ನಾಯಕನನ್ನು ಅಂಕಲ್ ಅಂತಾಳೆ. ಅವನಿಗಿನ್ನೂ ಇಪ್ಪತ್ತೆಂಟು, ಪಾಪ. ಗಿಲ್‌ಯೊಂಗ್ 'ಹ್ಯೊಂಗ್' ಅಂದಾಗ ನಾನು 'ಅಣ್ಣಾ' ಅಂದೆ. ಇಂಗ್ಲಿಷಿನಲ್ಲಿ ಪೆದ್ದುಪೆದ್ದಾಗಿ ಕಾಣುತ್ತಿದ್ದ ಮಾತುಕತೆ ಕನ್ನಡದ ಬಾಯಲ್ಲಿ ಜೀವ ಹಿಡಿಯಿತು. ಕ್ರಿಯಾಪದ ಕೊನೆಗೆ ಬರುವುದೂ ನಮ್ಮ ಹಾಗೇ. ಯಾರೋ ಹೇಳಿದ್ದನ್ನು ಹೇಳುವಾಗ ಅವರಿಗೂ ನಮ್ಮ 'ಅಂತೆ' ಥರದ ಒಂದು ಬಾಲ ಇದೆ. "ಅವನು ಸತ್ತನಂತೆ" ಅನ್ನುವುದಕ್ಕೂ "ಸತ್ತ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಈ ಕತೆಯಲ್ಲಿ ಅದು ಇನ್ನೂ ಜಾಸ್ತಿ.

ಇಬ್ಬರು ಹೊಸಬರು ಭೇಟಿಯಾದಾಗ ನೀನೋ ನೀವೋ ಅಂತ ಇಂಗ್ಲಿಷ್ ನೋಡಿಯೇ ಕಂಡುಹಿಡಿಯಲು ನನ್ನದೊಂದು ಲೆಕ್ಕ ಇದೆ. ಹತ್ತರಲ್ಲಿ ಎಂಟು ಸಲ ಸರಿ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನೂ ಏನಾದರೂ ಇಟ್ಟುಕೊಳ್ಳಬೇಕಲ್ಲ.

ಮಧ್ಯೆ ಒಂದಿಷ್ಟು ಪ್ರಯೋಗ ಮಾಡಿದೆ. ಫೋನಿಗೆ ಓದಿಸಿದೆ. ಅದು ಯೂ ಜುಂಗ್‌ಹ್ಯೊಕ್ ಹೆಸರನ್ನು ಪ್ರತಿ ಸಲ ಬೇರೆ ಥರ ಕೊಂದಿತು. ಇದೇ ಕತೆಯ ವೆಬ್‌ಟೂನ್, ಅಂದರೆ ಆನ್‌ಲೈನ್ ಚಿತ್ರಕತೆ, ನೋಡಿಕೊಂಡು ಕಾದಂಬರಿ ಓದಿದೆ. ಕಾದಂಬರಿ 2020ರಲ್ಲೇ ಮುಗಿದಿದೆ, ವೆಬ್‌ಟೂನ್ ಆ ವರ್ಷ ಶುರುವಾಗಿದ್ದು, ಹಾಗಾಗಿ ನಾನು ಬೇಗ ಮುಂದೆ ಹೋಗಿಬಿಟ್ಟೆ. ಆದರೆ ಮುಖಗಳು ಸಿಕ್ಕವು, ಅಷ್ಟು ಲಾಭ. 2025ರ ಸಿನಿಮಾ ಸಾಕಲ್ವಾ ಅಂತ ಅಳಿಯ ಕೇಳಿದ. ಅವನಿಗೆ ಊಟ ಹಾಕಿ ಕಳಿಸಿದೆ.

ಎಲ್ಲಕ್ಕಿಂತ ಚೆಂದದ ಪ್ರಯೋಗ ಅಮ್ಮ. ಒಬ್ಬನೇ ಬಾಯಿಬಿಟ್ಟು ಓದುತ್ತಿದ್ದರೆ ಮನೆಯವರಿಗೆ ಹೆದರಿಕೆ. ಹಾಗಾಗಿ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಹೇಳಲು ಶುರು ಮಾಡಿದೆ. ಅಮ್ಮ ಹಾವೇರಿ ಕಡೆಯವರು, ಕೊರಿಯಾ ಎಲ್ಲಿದೆ ಅಂತ ಕೇಳಲೂ ಇಲ್ಲ. ಮೆಟ್ರೊ ರೈಲು ಸೋಲ್‌ನ ಹಾನ್ ನದಿಯ ಸೇತುವೆ ಮೇಲೆ ನಿಂತು, ದೊಕ್ಕೆಬಿ ಬಂದು "ನಿಮ್ಮ ಪುಕ್ಕಟೆ ಜೀವನ ಮುಗಿಯಿತು" ಅನ್ನುವ ಜಾಗದಲ್ಲಿ ಎಲೆ ಅಡಿಕೆ ಕುಟ್ಟುವುದು ನಿಂತಿತು. ದೊಕ್ಕೆಬಿ ಅಂದರೇನು ಅಂತ ನಾನು ತಡವರಿಸಿದೆ. ದೆವ್ವವೂ ಅಲ್ಲ, ರಾಕ್ಷಸನೂ ಅಲ್ಲ, ಕುಚೇಷ್ಟೆ ಜಾಸ್ತಿ. "ಅಂದ್ರ ಕಿಡಿಗೇಡಿ" ಅಂದರು ಅಮ್ಮ. ಕಿಡಿಗೇಡಿ ಅಂತಲೇ ಬರೆದುಕೊಂಡೆ.

ಆಮೇಲೆ ಆ ನಕ್ಷತ್ರಪುಂಜಗಳು, ಕತೆಯಲ್ಲಿ ದೇವರುಗಳಿಗೂ ಪುರಾಣದ ವೀರರಿಗೂ ಇಟ್ಟ ಹೆಸರು. ಮೇಲೆ ಕೂತು ಮನುಷ್ಯರ ಪಾಡನ್ನು ನೋಡುತ್ತಾ, ಮೆಚ್ಚಿದಾಗ 100 ಕಾಯಿನ್ ಎಸೆಯುತ್ತಾರಲ್ಲ, ಪ್ರತಿ ಸಲ ಹೆಸರು ಸಮೇತ ಘೋಷಣೆ ಬರುತ್ತದಲ್ಲ, ಅದು ನನಗೆ ಮೊದಲ ಮೂರು ಸಲವೂ ಕಿರಿಕಿರಿ. ಹೊಡೆದಾಟದ ನಡುವೆ ಅಡ್ಡ ಬಂದ ಹಾಗೆ. ಅಮ್ಮ ಬಿದ್ದು ಬಿದ್ದು ನಕ್ಕರು. "ಇದು ದೊಡ್ಡಾಟದಾಗ ಆಯೇರಿ ಕೂಗಿದಂಗಾತಲ್ಲೋ!" ನಿಜ. ಭೀಮ ಗದೆ ಎತ್ತಿದಾಗಲೇ ಆಟ ನಿಲ್ಲಿಸಿ, ಇಂಥವರು ಭೀಮನಿಗೆ ಐವತ್ತು ರೂಪಾಯಿ ಕೊಟ್ಟಿದ್ದಾರೆ ಅಂತ ಕೂಗುವುದು. ಮರುದಿನದಿಂದ ನಾನು ಆ ಸಾಲುಗಳನ್ನು ಮೈಕಿನಲ್ಲಿ ಕೂಗುವ ದನಿಯಲ್ಲೇ ಓದಿದೆ. "ಬಂಗಾರದ ಪಟ್ಟಿಯ ಕೈದಿಯವರಿಂದ 100 ಕಾಯಿನ್, ಮೆಚ್ಚಿ ಕೊಟ್ಟದ್ದು!" ಆ ಕೈದಿ ಯಾರು ಅಂತ ಕತೆ ಬಾಯಿಬಿಡುವ ಮೊದಲೇ, "ಇವ ನಮ್ಮ ಹನುಮಪ್ಪನ ಪೈಕಿ ಅದಾನ" ಅಂದರು. ಚೀನಾದ ವಾನರ ಸುನ್ ವುಕೊಂಗ್ ಅವನು. ಮುಂದೆ ಒಲಿಂಪಸ್, ಏಡನ್ ಜೊತೆಗೆ 'ವೇದ' ಅಂತ ನಮ್ಮ ದೇವರುಗಳ ಗುಂಪೂ ಬಂತು. ಅವತ್ತು ಅಮ್ಮ ಸ್ವಲ್ಪ ಗಂಭೀರ ಆದರು. ನಮ್ಮವರು ಎಷ್ಟು ಕೊಟ್ಟರು ಅಂತ ಕೇಳಿದರು.

ಮುನ್ನೂರರ ನಂತರ ಒಂದು ಜಾಗ ಎಳೆಯುತ್ತದೆ. ಉಸಿರು ಕಟ್ಟಿಸುವ ಇಂಥ ಭಾಗಕ್ಕೆ ಕೊರಿಯಾದ ಓದುಗರು 'ಗೋಗುಮಾ' ಅಂತಾರೆ, ಗೆಣಸು. ಗಂಟಲಲ್ಲಿ ನಿಂತ ಹಾಗೆ. ಬಿಡುಗಡೆ ಸಿಕ್ಕರೆ 'ಸೈದಾ', ಸೋಡಾ. ಅಮ್ಮನಿಗೆ ಈ ಎರಡು ಮಾತು ಎಷ್ಟು ಹಿಡಿಸಿತು ಅಂದರೆ ಈಗ ಧಾರಾವಾಹಿ ನೋಡುವಾಗಲೂ "ಬರೇ ಗೆಣಸು" ಅಂತಾರೆ.

ಲೆಕ್ಕ ಹೇಳಿಬಿಡುತ್ತೇನೆ. ಮೊದಲ ವಾರ ಒಂದು ಅಧ್ಯಾಯಕ್ಕೆ ಮುಕ್ಕಾಲು ಗಂಟೆ. ಎರಡನೇ ತಿಂಗಳಿಗೆ ಇಪ್ಪತ್ತು ನಿಮಿಷ. ಕೊನೆಗೆ ಹನ್ನೆರಡಕ್ಕೆ ಬಂತು, ದಿನಕ್ಕೆ ನಾಲ್ಕು, ರಜೆ ಇದ್ದರೆ ಎಂಟು. ಕಾಯಿನ್ನಿಗೆ ಈ ಸಲ ಖರ್ಚಾಗಿದ್ದು ಸಾವಿರದ ಒಳಗೆ. ಬಾಯಿಬಿಟ್ಟು ಓದಿದರೆ ರಾತ್ರಿ ಒಂದು ಗಂಟೆವರೆಗೆ ಓದಲು ಆಗುವುದಿಲ್ಲ, ಗಂಟಲು ಬಿದ್ದುಹೋಗುತ್ತದೆ. ದಿನದ ಉಚಿತ ಅಧ್ಯಾಯಗಳನ್ನು ಮೂರು ವಾರ ಮೊದಲೇ ಕೂಡಿಟ್ಟಿದ್ದೆ, ಅದೂ ಒಂದು.

ಕೊನೆಯ ಅಧ್ಯಾಯಕ್ಕೆ ಅಮ್ಮ ಏನೂ ಹೇಳಲಿಲ್ಲ. ದೀಪ ಆರಿಸಿದ ಮೇಲೆ ಕತ್ತಲಲ್ಲಿ, "ಆ ಹುಡುಗಗ ಮನ್ಯಾಗ ಯಾರೂ ಇರಲಿಲ್ಲೇನೋ" ಅಂದರು. ಬೆಳಿಗ್ಗೆ ಎದ್ದು ಇನ್ನೊಂದು ನೋಟ್‌ಬುಕ್ ತಾ ಅಂದರು. ತಂದಿದ್ದೇನೆ. ಹೊಸ ಕತೆಯ ಮೊದಲ ಹತ್ತು ಅಧ್ಯಾಯದಲ್ಲೇ ಐದು ಕಿಮ್.