ಕೋರ್ಟಿಗಿಂತ ಮೊದಲು ಇಇಒಸಿ: ಡಲ್ಲಾಸ್‌ನಲ್ಲಿ ನನ್ನ ಅನುಭವ

ಅಮೆರಿಕದಲ್ಲಿ ಕೆಲಸದ ಜಾಗದಲ್ಲಿ ಭೇದಭಾವ ಆಯಿತು ಅಂತ ನೇರವಾಗಿ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಬರುವುದಿಲ್ಲ. ಮೊದಲು ಇಇಒಸಿ, ಅಂದರೆ ಸಮಾನ ಉದ್ಯೋಗ ಅವಕಾಶ ಆಯೋಗ ಎಂಬ ಫೆಡರಲ್ ಸಂಸ್ಥೆಯಲ್ಲಿ ದೂರು ದಾಖಲಿಸಬೇಕು. ಇದನ್ನು ಇಲ್ಲಿ 'ಚಾರ್ಜ್' ಅನ್ನುತ್ತಾರೆ. ನಮ್ಮ ಕನ್ನಡದವರಲ್ಲಿ ತುಂಬಾ ಜನ ಇದನ್ನು ಸುಮ್ನೆ ಒಂದು ಫಾರ್ಮ್ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ಕೇಸಿನ ಅರ್ಧ ಹಣೆಬರಹ ಅಲ್ಲೇ ತೀರ್ಮಾನವಾಗುತ್ತದೆ.

ನಾನು ಡಲ್ಲಾಸ್ ಪಕ್ಕದ ಊರಿನ ಕಂಪನಿಯೊಂದರಲ್ಲಿ ಡೇಟಾ ಅನಲಿಸ್ಟ್ ಆಗಿದ್ದೆ. ಗಂಡನ ವೀಸಾದ ಮೇಲೆ ಬಂದು, ಎಚ್4 ಇಎಡಿಯಲ್ಲಿ, ಅಂದರೆ ಅವಲಂಬಿತರ ವೀಸಾದಲ್ಲಿ ಸಿಗುವ ಕೆಲಸದ ಅನುಮತಿಯ ಮೇಲೆ, ಕೆಲಸ ಮಾಡುತ್ತಿದ್ದೆ. ಬಸುರಿ ಎಂದು ಮ್ಯಾನೇಜರ್‌ಗೆ ಹೇಳುವ ತನಕ ನನ್ನ ರಿವ್ಯೂಗಳೆಲ್ಲ ಚೆನ್ನಾಗಿದ್ದವು. ಹೇಳಿದ ಮೇಲೆ ದೊಡ್ಡ ಪ್ರಾಜೆಕ್ಟಿನಿಂದ ತೆಗೆದರು. ವಾಂತಿ ಜಾಸ್ತಿ ಇದ್ದುದರಿಂದ ಕೆಲವು ದಿನ ಮನೆಯಿಂದ ಕೆಲಸ ಮಾಡುತ್ತೇನೆ ಎಂದು ಡಾಕ್ಟರ ಚೀಟಿ ಕೊಟ್ಟು ಕೇಳಿದೆ. ಮಾತುಕತೆಯೇ ಇಲ್ಲದೆ ಆಗುವುದಿಲ್ಲ ಎಂದರು. ಆಮೇಲೆ ಪಿಐಪಿ, ಅಂದರೆ ಕೆಲಸ ಸುಧಾರಿಸಿಕೊಳ್ಳಿ ಎಂಬ ಲಿಖಿತ ಗಡುವು, ಹಾಕಿದರು. ಎಚ್‌ಆರ್‌ಗೆ ಮೇಲ್ ಬರೆದು, ಇದು ಬಸುರಿ ಎಂಬ ಕಾರಣಕ್ಕೇ ಆಗುತ್ತಿದೆ ಎಂದೆ. ಸ್ವಲ್ಪ ದಿನಕ್ಕೆ ಕೆಲಸದಿಂದ ತೆಗೆದರು.

ಊರಿನಿಂದ ಅಮ್ಮ ಫೋನ್‌ನಲ್ಲಿ, "ಹೋಗ್ಲಿ ಬಿಡೇ, ಈ ಸ್ಥಿತೀಲಿ ಕೋರ್ಟು ಕಚೇರಿ ಅಂತ ಯಾಕೆ ಅಲೀತೀಯ" ಅಂದಳು. ಇಲ್ಲಿನ ಗೆಳತಿಯರಿಗೆ ಬೇರೆ ಭಯ. ಗ್ರೀನ್ ಕಾರ್ಡಿಗೆ ತೊಂದರೆ ಆಗುತ್ತದೆ, ಸುಮ್ಮನಿರು ಎಂದರು. ಈ ಭಯ ನಮ್ಮವರನ್ನು ಎಷ್ಟು ಬಾಯಿ ಮುಚ್ಚಿಸಿದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಭೇದಭಾವ ತಡೆಯುವ ಈ ಕಾನೂನುಗಳು ಕಾಪಾಡುವುದು ಅಮೆರಿಕದ ಪ್ರಜೆಗಳನ್ನು ಮಾತ್ರ ಅಲ್ಲ, ಇಲ್ಲಿ ವೀಸಾ ಮೇಲೆ ದುಡಿಯುವವರನ್ನೂ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡರೆ ಅದೇ ಇನ್ನೊಂದು ಕಾನೂನು ಉಲ್ಲಂಘನೆ. ಎಚ್1ಬಿ ಎಂಬ ಕೆಲಸದ ವೀಸಾ ಇರುವವರಿಗೆ ಕೆಲಸ ಹೋದ ಮೇಲೆ ಇಲ್ಲಿ ಉಳಿಯಲು ಸಾಮಾನ್ಯವಾಗಿ 60 ದಿನದ ತನಕ ಮಾತ್ರ ಕಾಲಾವಕಾಶ ಎಂಬುದು ನಿಜ. ಆ ಒತ್ತಡ ದೊಡ್ಡದು. ಆದರೆ ಅದು ಬೇರೆ ವಿಷಯ, ದೂರು ಕೊಡುವ ಹಕ್ಕು ಬೇರೆ.

ಹೊರಹಾಕುವಾಗ ಒಂದು ತಿಂಗಳ ಸಂಬಳ ಕೊಡುತ್ತೇವೆ, ಇಲ್ಲಿ ಸಹಿ ಹಾಕಿ ಎಂದು ಸೆವರೆನ್ಸ್ (ಕೆಲಸ ಬಿಡಿಸುವಾಗಿನ ಹಣದ ಒಪ್ಪಂದ) ಕಾಗದ ಮುಂದಿಟ್ಟರು. ಸಹಿ ಹಾಕಿದರೆ ಕೇಸ್ ಹಾಕುವ ಹಕ್ಕು ಬಿಟ್ಟುಕೊಟ್ಟ ಹಾಗೆ. 40 ತುಂಬಿದವರು ವಯಸ್ಸಿನ ಭೇದದ ವಿರುದ್ಧದ ಹಕ್ಕು ಬಿಟ್ಟುಕೊಡುವ ವಿಷಯದಲ್ಲಿ ಯೋಚಿಸಲು ಕನಿಷ್ಠ 21 ದಿನ, ಸಹಿ ಹಾಕಿದ ಮೇಲೂ ಹಿಂತೆಗೆಯಲು 7 ದಿನ ಕೊಡಬೇಕು ಎಂಬ ನಿಯಮ ಇದೆ. ನನಗೆ ಆ ವಯಸ್ಸಾಗಿರಲಿಲ್ಲ. ವಕೀಲರಿಗೆ ತೋರಿಸಬೇಕು, ಸಮಯ ಬೇಕು ಎಂದು ಮೇಲ್‌ನಲ್ಲಿ ಕೇಳಿದೆ, ಕೊಟ್ಟರು. ಕೊನೆಗೆ ಸಹಿ ಹಾಕಲಿಲ್ಲ.

ಇನ್ನು ದಿನಗಳ ಲೆಕ್ಕ. ಇಇಒಸಿಗೆ 180 ದಿನದೊಳಗೆ ದೂರು ಹೋಗಬೇಕು. ಇದೇ ಕೆಲಸಕ್ಕೆ ರಾಜ್ಯದ್ದೇ ಸಂಸ್ಥೆ ಇದ್ದರೆ 300 ದಿನ. ಡಲ್ಲಾಸ್ ಇರುವ ಟೆಕ್ಸಸ್‌ನಲ್ಲಿ ವರ್ಕ್‌ಫೋರ್ಸ್ ಕಮಿಷನ್ ಎಂಬ ರಾಜ್ಯದ ಸಂಸ್ಥೆ ಇರುವುದರಿಂದ ಫೆಡರಲ್ ದೂರಿಗೆ 300, ಆದರೆ ರಾಜ್ಯದ ಕಾನೂನಿನ ಅಡಿ 180. ನನಗೆ ಎರಡೂ ಬೇಕಿತ್ತು. ಅದಕ್ಕೇ 180ನ್ನೇ ಗಡುವು ಎಂದು ಹಿಡಿದೆ. ಎಣಿಕೆ ಶುರುವಾಗುವುದು ಕೆಲಸದ ಕೊನೆಯ ದಿನದಿಂದಲ್ಲ, ತೆಗೆಯುತ್ತೇವೆ ಎಂದು ತಿಳಿಸಿದ ದಿನದಿಂದ. ಪ್ರಾಜೆಕ್ಟಿನಿಂದ ತೆಗೆದದ್ದು, ಪಿಐಪಿ, ವಜಾ, ಪ್ರತಿಯೊಂದಕ್ಕೂ ಬೇರೆ ಬೇರೆ ಎಣಿಕೆ. ಎಚ್‌ಆರ್ ವಿಚಾರಣೆ ಮಾಡುತ್ತಿದ್ದೇವೆ ಅಂದರೂ ಗಡಿಯಾರ ನಿಲ್ಲುವುದಿಲ್ಲ. ಅವರ ಉತ್ತರಕ್ಕೆ ಕಾಯುತ್ತಾ ಕೂತು ಗಡುವು ಕಳೆದುಕೊಂಡವರನ್ನು ನಾನು ಬಲ್ಲೆ.

ಇಇಒಸಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ವಿವರ ತುಂಬಿದ ಮೇಲೆ ಸಂದರ್ಶನಕ್ಕೆ ಸಮಯ ಸಿಗುತ್ತದೆ. ನನ್ನದು ಫೋನಿನಲ್ಲಾಯಿತು. ತನಿಖಾಧಿಕಾರಿ ಸಮಾಧಾನವಾಗಿ ಕೇಳಿದರು. ನಿಮ್ಮಂಥದ್ದೇ ಕೆಲಸ ಮಾಡುವ, ಬಸುರಿಯಲ್ಲದ ಯಾರಿಗಾದರೂ ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತ್ತಾ? ನಿಮ್ಮ ಜಾಗಕ್ಕೆ ಯಾರು ಬಂದರು? ಇದಕ್ಕೆಲ್ಲ ತಾರೀಕು ಸಮೇತ ಉತ್ತರ ಬೇಕು. ನಾನು ಮೊದಲಿನಿಂದ ಮನೆಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ಯಾವ ದಿನ ಯಾರು ಏನಂದರು ಎಂದು ಬರೆದಿಟ್ಟಿದ್ದೆ. ಅದೇ ಕೈ ಹಿಡಿಯಿತು. ಕಂಪನಿಯ ಗುಟ್ಟಿನ ಫೈಲುಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದನ್ನೇ ನಿಮ್ಮ ವಿರುದ್ಧ ತಿರುಗಿಸುತ್ತಾರೆ.

ಚಾರ್ಜಿನ ಕರಡನ್ನು ಅವರೇ ಬರೆದು ಕಳಿಸುತ್ತಾರೆ. ನಾವು ಓದಿ ಸಹಿ ಹಾಕಬೇಕು. ಇಲ್ಲಿ ಅವಸರ ಬೇಡವೇ ಬೇಡ. ಯಾಕೆಂದರೆ ಮುಂದೆ ಕೋರ್ಟಿನಲ್ಲಿ, ಚಾರ್ಜಿನಲ್ಲಿ ಇಲ್ಲದ್ದನ್ನು ಎತ್ತಿದರೆ ಕಂಪನಿಯ ವಕೀಲರು ತಕ್ಷಣ ಅಡ್ಡ ಬರುತ್ತಾರೆ. ನನಗೆ ಬಂದ ಕರಡಿನಲ್ಲಿ ಲಿಂಗಭೇದ ಮಾತ್ರ ಇತ್ತು. 1964ರ ನಾಗರಿಕ ಹಕ್ಕುಗಳ ಕಾನೂನಿಗೆ 1978ರಲ್ಲಿ ಮಾಡಿದ ತಿದ್ದುಪಡಿಯಿಂದ ಬಸುರಿಯರ ವಿರುದ್ಧದ ಭೇದವೂ ಲಿಂಗಭೇದವೇ, ಸರಿ. ಆದರೆ ಮನೆಯಿಂದ ಕೆಲಸ ಕೇಳಿದ್ದು 2023ರ ಜೂನ್ 27ರಿಂದ ಜಾರಿಗೆ ಬಂದ, ಬಸುರಿ ಕೆಲಸಗಾರರಿಗೆ ಅನುಕೂಲ ಮಾಡಿಕೊಡಬೇಕು ಎನ್ನುವ ಕಾನೂನಿಗೆ ಸೇರುತ್ತದೆ. ಎಚ್‌ಆರ್‌ಗೆ ದೂರು ಕೊಟ್ಟ ಮೇಲೆ ವಜಾ ಮಾಡಿದ್ದು ಸೇಡು. ಎರಡನ್ನೂ ಸೇರಿಸಿ ಎಂದು ಕೇಳಿದೆ, ಸೇರಿಸಿದರು. ಆಮೇಲೆ ಸಹಿ ಹಾಕಿದೆ.

ಕಂಪನಿಗೆ 10 ದಿನದೊಳಗೆ ನೋಟಿಸ್ ಹೋಗುತ್ತದೆ. ಮಧ್ಯಸ್ಥಿಕೆಗೆ ಕರೆಯಬಹುದು. ಅದಕ್ಕೆ ಖರ್ಚಿಲ್ಲ, ಎರಡೂ ಕಡೆಯವರು ಒಪ್ಪಬೇಕು. ನಾನು ಒಪ್ಪಿದೆ, ಅವರು ಒಪ್ಪಲಿಲ್ಲ.

ಚಾರ್ಜಿಗೆ ಕಂಪನಿಯ ಲಿಖಿತ ಉತ್ತರ ಬಂದಾಗ ಅದರ ಪ್ರತಿಯನ್ನು ಇಇಒಸಿಯಿಂದ ಕೇಳಿ ತರಿಸಿಕೊಂಡೆ. ಇದನ್ನು ಎಲ್ಲರೂ ಕೇಳಿ ತರಿಸಿಕೊಳ್ಳಲೇಬೇಕು. ವಜಾ ಪತ್ರದಲ್ಲಿ ಹುದ್ದೆಯೇ ರದ್ದಾಗಿದೆ ಅಂತ ಬರೆದಿದ್ದರು. ಈ ಉತ್ತರದಲ್ಲಿ ಕೆಲಸ ಸರಿ ಇರಲಿಲ್ಲ ಎಂದಿದ್ದರು. ಒಂದೇ ವಜಾಕ್ಕೆ ಎರಡು ಕಾರಣ! ಕಾರಣ ಬದಲಾಗುತ್ತಾ ಹೋದರೆ ಅದು ನೆಪ ಇರಬಹುದು ಎಂದು ಕೋರ್ಟುಗಳು ನೋಡುತ್ತವೆ. ಪ್ರತ್ಯುತ್ತರಕ್ಕೆ 20 ದಿನ ಇರುತ್ತದೆ. ನಾನು ಸಿಟ್ಟನ್ನು ಬರೆಯಲಿಲ್ಲ. ವಜಾ ಪತ್ರ, ಅವರ ಉತ್ತರ, ನನ್ನ ಹಳೆಯ ರಿವ್ಯೂ, ಇವುಗಳ ಸಾಲುಗಳನ್ನು ಪಕ್ಕಪಕ್ಕ ಇಟ್ಟು ತಾರೀಕು ಹಾಕಿ ಕಳಿಸಿದೆ.

ಈ ನಡುವೆ ಬೇರೆ ಕೆಲಸ ಹುಡುಕಿದ ದಾಖಲೆಗಳನ್ನೂ ಇಟ್ಟುಕೊಂಡೆ. ಹುಡುಕಲೇ ಇಲ್ಲ ಎಂದಾದರೆ ಕಳೆದುಹೋದ ಸಂಬಳದ ಪರಿಹಾರ ಕಡಿಮೆಯಾಗುತ್ತದೆ. ನೋವಿಗೆ ಮತ್ತು ದಂಡವಾಗಿ ಸಿಗುವ ಹಣಕ್ಕೆ ಕಾನೂನೇ ಮಿತಿ ಹಾಕಿದೆ: 15ರಿಂದ 100 ನೌಕರರಿರುವ ಕಂಪನಿಗೆ 50,000 ಡಾಲರ್, 500 ದಾಟಿದರೆ 3 ಲಕ್ಷ ಡಾಲರ್. ಕಳೆದ ಸಂಬಳ ಈ ಮಿತಿಯ ಹೊರಗೆ. ಟಿವಿಯಲ್ಲಿ ಕೇಳುವ ಕೋಟಿಗಳ ಲೆಕ್ಕ ಇಟ್ಟುಕೊಂಡು ಇಳಿಯಬಾರದು.

ದೂರು ಕೊಟ್ಟು 180 ದಿನ ಕಳೆದ ಮೇಲೂ ತನಿಖೆ ಮುಗಿಯದಿದ್ದರೆ ಕೇಸ್ ಹಾಕುವ ಅನುಮತಿ, ಅಂದರೆ 'ರೈಟ್ ಟು ಸ್ಯೂ' ನೋಟಿಸನ್ನು ನಾವೇ ಕೇಳಬಹುದು. ಅಷ್ಟು ಹೊತ್ತಿಗೆ ಮಗು ಹುಟ್ಟಿತ್ತು, ವಕೀಲರೂ ಸಿಕ್ಕಿದ್ದರು. ಅವರ ಮೂಲಕ ಕೇಳಿದೆ. ನೋಟಿಸ್ ಬಂದ ಮೇಲೆ ಕೋರ್ಟಿಗೆ ಹೋಗಲು 90 ದಿನ ಮಾತ್ರ. ಅದು ಪೋರ್ಟಲ್‌ನಲ್ಲಿ ಬಂದು ಕೂರುತ್ತದೆ, ನಮಗೆ ಬರುವುದು ಒಂದು ಇಮೇಲ್ ಅಷ್ಟೇ. ಆದ್ದರಿಂದ ಸ್ಪ್ಯಾಮ್ ಫೋಲ್ಡರ್ ನೋಡುತ್ತಿರಿ, ವಿಳಾಸ ಬದಲಾದರೆ ತಿಳಿಸಿ. ನೋಟಿಸ್ ಬಂದ ದಿನವೇ ಇಳಿಸಿಕೊಂಡು ವಕೀಲರಿಗೆ ಕಳಿಸಿ.