ಸಿಸ್ಟಂ 64, ಬ್ರೌಸರ್ 32

ಸಣ್ಣಪುಟ್ಟ ಕಂಟ್ರಾಕ್ಟರ್‌ಗಳಿಗೆ ಟೆಂಡರ್ ಹಾಕಿಕೊಡುವುದು ನನ್ನ ಕೆಲಸ. ಅರಸೀಕೆರೆಯಲ್ಲಿ ಒಂದು ಚಿಕ್ಕ ರೂಮು, ಒಂದು ಪ್ರಿಂಟರ್, 2009ರಲ್ಲಿ ಕೊಂಡ ಕೋರ್ 2 ಡ್ಯುಯೊ ಕಂಪ್ಯೂಟರ್. ಮೊದಲು ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ವಿಂಡೋಸ್ ಆಗಲಿ, ಬೇರೆ ಸಾಫ್ಟ್‌ವೇರ್ ಆಗಲಿ, ಆಗ 32-ಬಿಟ್, 64-ಬಿಟ್ ಅಂತ ಎರಡು ಬಗೆಯಲ್ಲಿ ಬರುತ್ತಿದ್ದವು. ಆಮೇಲೆ ರ‍್ಯಾಮ್ 4 ಜಿಬಿ ಮಾಡಿಸಿದಾಗ, 32-ಬಿಟ್ ವಿಂಡೋಸ್ ಅಷ್ಟನ್ನೂ ಬಳಸಿಕೊಳ್ಳುವುದಿಲ್ಲ ಅಂತ ರಿಪೇರಿ ಹುಡುಗ 64-ಬಿಟ್ ವಿಂಡೋಸ್ 7 ಹಾಕಿಕೊಟ್ಟ. ಅದೇ ಮುಂದೆ ನನ್ನನ್ನು ಇಷ್ಟು ಕಾಡುತ್ತೆ ಅಂತ ಆಗ ಗೊತ್ತಿರಲಿಲ್ಲ.

ಆಗೆಲ್ಲ ಟೆಂಡರ್ ಸೈಟಿನಲ್ಲಿ ಡಿಜಿಟಲ್ ಸಹಿ ಹಾಕಬೇಕೆಂದರೆ ಬ್ರೌಸರ್ ಒಳಗೆ ಜಾವಾ ಅನ್ನುವ ಸಾಫ್ಟ್‌ವೇರ್ ಓಡಬೇಕಿತ್ತು. ಕ್ರೋಮ್ 2015ರಲ್ಲೇ ಇಂಥ ಪ್ಲಗ್-ಇನ್‌ಗಳನ್ನು ಕೈಬಿಟ್ಟಿತ್ತು. ಅದಕ್ಕೇ ಫೈರ್‌ಫಾಕ್ಸ್ ಇಟ್ಟುಕೊಂಡಿದ್ದೆ. 2017ರ ಮಾರ್ಚ್‌ನಲ್ಲಿ ಅದೂ ತಾನಾಗಿಯೇ ಅಪ್‌ಡೇಟ್ ಆಗಿ 52ನೇ ಆವೃತ್ತಿಗೆ ಬಂದು ಕೂತಿತು. ಬೆಳಿಗ್ಗೆ ನೋಡಿದರೆ ಸಹಿ ಹಾಕುವ ಜಾಗದಲ್ಲಿ ಬರೀ ಬೂದು ಬಣ್ಣದ ಚೌಕ. ಪಕ್ಕದ ಕುರ್ಚಿಯಲ್ಲಿ ಕಂಟ್ರಾಕ್ಟರ್.

"ಏನಾದ್ರೂ ಮಾಡಿ ಸಾರ್, ನಾಳೆ ನಾಲ್ಕು ಗಂಟೆಗೆ ಕ್ಲೋಸು."

ಗಡಿಬಿಡಿಯಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಇದ್ದ ಜಾವಾ ಕಿತ್ತುಹಾಕಿ ಹೊಸದು ಹಾಕಿದೆ. ಡೌನ್‌ಲೋಡ್ ಪಟ್ಟಿಯಲ್ಲಿ ಎರಡು ಇದ್ದವು. ಸಿಸ್ಟಂ 64-ಬಿಟ್ ಅಲ್ವಾ, ಜಾವಾನೂ 64 ಇರಲಿ ಅಂದುಕೊಂಡು ಅದನ್ನೇ ಇಳಿಸಿದೆ. ಚೌಕ ಬೂದಾಗಿಯೇ ಉಳಿಯಿತು. ಒಂದು ತೊಂದರೆ ಇದ್ದದ್ದು ಈಗ ಎರಡಾಗಿತ್ತು, ಅದು ನನಗೆ ಗೊತ್ತಾಗಲಿಲ್ಲ ಅಷ್ಟೆ.

ಸಂಜೆ ಅವರನ್ನು ಮನೆಗೆ ಕಳಿಸಿ, ಕಾಫಿ ಕುಡಿದು, ಮೊದಲಿಂದ ನೋಡುತ್ತಾ ಬಂದೆ. ಮೊದಲು ತಾರೀಖು. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡಿಬಿಡುತ್ತೆ. ಆಗ ಸರ್ಟಿಫಿಕೇಟ್‌ಗಳೆಲ್ಲ ಸುಳ್ಳು ಅನಿಸಿಕೊಳ್ಳುತ್ತವೆ. ಹಿಂದೊಮ್ಮೆ ಇದೇ ಕಾರಣಕ್ಕೆ ಅರ್ಧ ದಿನ ಕಳೆದಿದ್ದೆ. ಸಿಆರ್2032 ಅನ್ನುವ ಬಿಲ್ಲೆ ಬ್ಯಾಟರಿ ಬದಲಾಯಿಸಿದ ಮೇಲೆ ಸರಿಹೋಗಿತ್ತು. ಈ ಸಲ ತಾರೀಖು ಸರಿಯಾಗಿತ್ತು.

ಆಮೇಲೆ ಟೋಕನ್, ಅಂದರೆ ಡಿಜಿಟಲ್ ಸಹಿ ಇಟ್ಟಿರುವ ಯುಎಸ್‌ಬಿ ಕಡ್ಡಿ. ಅದನ್ನು ಚುಚ್ಚಿ, ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಕಂಟೆಂಟ್, ಅಲ್ಲಿಂದ ಸರ್ಟಿಫಿಕೇಟ್ಸ್ ತೆರೆದೆ. ಪರ್ಸನಲ್ ಅನ್ನುವ ಕಡೆ ಕಂಟ್ರಾಕ್ಟರ್ ಹೆಸರು ಕಾಣಿಸಿತು. ಅಂದರೆ ಟೋಕನ್, ಅದರ ಡ್ರೈವರ್ ಎರಡೂ ಸರಿ. ಇಲ್ಲಿ ಹೆಸರು ಕಂಡರೆ ಟೋಕನ್ ಕೊಟ್ಟವರಿಗೆ ಸುಮ್ನೆ ಫೋನ್ ಮಾಡಿ ಜಗಳ ಆಡುವುದು ಬೇಡ, ತಪ್ಪು ಹೆಚ್ಚಾಗಿ ಬ್ರೌಸರ್ ಕಡೆ ಇರುತ್ತೆ.

ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನು ಬಿಟ್ಟು ಮಿಕ್ಕ ಹಳೇ ಪ್ಲಗ್-ಇನ್‌ಗಳನ್ನೆಲ್ಲ ನಿಲ್ಲಿಸಿದೆ ಅಂತ ಓದಿ ತಿಳಿದುಕೊಂಡೆ. ಆದರೆ ಆಫೀಸುಗಳಿಗಾಗಿ ಬಿಡುವ ಇಎಸ್‌ಆರ್ ಅನ್ನುವ 52ರಲ್ಲಿ ಅವನ್ನು ಉಳಿಸಿದ್ದರು. ಅದರ 32-ಬಿಟ್ ಫೈಲ್ ಇಳಿಸಿ ಬೇರೆ ಫೋಲ್ಡರಿನಲ್ಲಿ ಹಾಕಿದೆ. ಆಡ್-ಆನ್ಸ್‌ನಲ್ಲಿ ಪ್ಲಗ್-ಇನ್ ಪಟ್ಟಿ ತೆರೆದರೆ ಜಾವಾ ಹೆಸರೇ ಇಲ್ಲ! ಇಷ್ಟು ಹೊತ್ತಿಗೆ ರಾತ್ರಿ ಎಂಟೂವರೆ.

ಟಾಸ್ಕ್ ಮ್ಯಾನೇಜರ್ ತೆರೆದಾಗ ವಿಷಯ ಕಣ್ಣಿಗೆ ಬಿತ್ತು. ಫೈರ್‌ಫಾಕ್ಸ್ ಹೆಸರಿನ ಮುಂದೆ ಒಂದು ನಕ್ಷತ್ರ, ಪಕ್ಕದಲ್ಲಿ 32. ವಿಂಡೋಸ್ 7 ತನ್ನಲ್ಲಿ ಓಡುವ 32-ಬಿಟ್ ಪ್ರೋಗ್ರಾಂಗಳಿಗೆ ಹೀಗೆ ಗುರುತು ಹಾಕುತ್ತೆ. ಪ್ಲಗ್-ಇನ್ ಬ್ರೌಸರಿನ ಜೋಡಿ, ವಿಂಡೋಸಿನ ಜೋಡಿ ಅಲ್ಲ. 32-ಬಿಟ್ ಬ್ರೌಸರ್ 64-ಬಿಟ್ ಜಾವಾನ ತನ್ನೊಳಗೆ ಸೇರಿಸಿಕೊಳ್ಳುವುದೇ ಇಲ್ಲ. ಎರರ್ ಕೂಡ ತೋರಿಸುವುದಿಲ್ಲ, ಅದು ಇದೆ ಅನ್ನುವುದೇ ಅದಕ್ಕೆ ಕಾಣಿಸುವುದಿಲ್ಲ. 32-ಬಿಟ್ ಜಾವಾ 8 ಹಾಕಿ ಬ್ರೌಸರ್ ಮುಚ್ಚಿ ತೆರೆದೆ. ಪಟ್ಟಿಯಲ್ಲಿ ಬಂತು.

ಈಗ ಬೂದು ಚೌಕದ ಜಾಗದಲ್ಲಿ ಜಾವಾ ತನ್ನದೇ ತಕರಾರು ತೆಗೆಯಿತು, ಸೆಕ್ಯುರಿಟಿ ಕಾರಣಕ್ಕೆ ಬ್ಲಾಕ್ ಮಾಡಿದ್ದೇನೆ ಅಂತ. ಇದು ಸುಲಭ. ಜಾವಾ ಕಂಟ್ರೋಲ್ ಪ್ಯಾನೆಲ್, ಸೆಕ್ಯುರಿಟಿ, ಎಡಿಟ್ ಸೈಟ್ ಲಿಸ್ಟ್. ಅಲ್ಲಿ ಸೈಟಿನ ವಿಳಾಸ ಮೊದಲೇ ಇತ್ತು, ಆದರೆ ಎಚ್‌ಟಿಟಿಪಿ ಅಂತ. ಸೈಟು ತೆರೆಯುತ್ತಿದ್ದದ್ದು ಎಚ್‌ಟಿಟಿಪಿಎಸ್‌ನಲ್ಲಿ. ಆ ಒಂದು 'ಎಸ್' ಸೇರಿಸಿ, ಜಾವಾದ ಟೆಂಪರರಿ ಫೈಲುಗಳನ್ನೂ ಅಳಿಸಿದೆ. ಪಿನ್ ಕೇಳಿತು. ಮರುದಿನ ಹನ್ನೊಂದು ಗಂಟೆಗೆಲ್ಲ ಟೆಂಡರ್ ಹೋಯಿತು.

ಆ ಬ್ರೌಸರಿನ ಅಪ್‌ಡೇಟ್ ನಿಲ್ಲಿಸಿ, ಸಹಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಲಿಲ್ಲ. ಹಳೇ ಬ್ರೌಸರು, ಹಳೇ ಪ್ಲಗ್-ಇನ್ ಇಟ್ಟುಕೊಂಡು ಮೇಲ್, ಬ್ಯಾಂಕು ಅಂತ ತೆರೆಯುವುದು ಬಾಗಿಲು ಹಾಕದೆ ಮಲಗಿದ ಹಾಗೆ.

ಇಷ್ಟೆಲ್ಲ ಆದಮೇಲೂ ಅದೇ ತಪ್ಪು ಮತ್ತೆ ಮಾಡಿದೆ ಅಂದರೆ ನಗಬೇಡಿ. ಸೈಟಿನವರು ಜಾವಾ ಬಿಟ್ಟು, ಸಹಿಗೆ ಬೇರೆಯೇ ಒಂದು ಸಾಫ್ಟ್‌ವೇರ್ ಕೊಟ್ಟರು. ಅದನ್ನು ತೆರೆದರೆ 'ಎಂಎಸ್‌ವಿಸಿಆರ್120' ಅನ್ನುವ ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ಫೈಲ್) ಇಲ್ಲ ಅಂತು. ಎಲ್ಲಿಂದಲೋ ಆ ಒಂದು ಫೈಲ್ ಇಳಿಸಿ ಸಿಸ್ಟಂ32 ಫೋಲ್ಡರಿಗೆ ಹಾಕಿದೆ. ಎರರ್ ಹಾಗೇ ಉಳಿಯಿತು. ಸಹಿ ಸಾಫ್ಟ್‌ವೇರ್ 32-ಬಿಟ್‌ದು, ನಾನು ಫೈಲ್ ಇಟ್ಟ ಜಾಗ ಅದಕ್ಕೆ ಕಾಣಿಸುವುದೇ ಇಲ್ಲ. 64-ಬಿಟ್ ವಿಂಡೋಸಿನಲ್ಲಿ ಸಿಸ್ಟಂ32 ಅನ್ನುವುದು 64-ಬಿಟ್ ಫೈಲುಗಳ ಮನೆ, 32-ಬಿಟ್ ಫೈಲುಗಳು ಸಿಸ್‌ವಾವ್64ನಲ್ಲಿ ಇರುತ್ತವೆ. ಹೆಸರಿಟ್ಟವರಿಗೆ ನಮಸ್ಕಾರ!

ಹಾಕಿದ್ದ ಫೈಲ್ ತೆಗೆದು, ಆ ಡಿಎಲ್‌ಎಲ್ ಇರುವ ವಿಷುವಲ್ ಸಿ++ 2013 ರನ್‌ಟೈಮ್‌ನ ಎಕ್ಸ್86, ಅಂದರೆ 32-ಬಿಟ್, ಪ್ಯಾಕೇಜನ್ನು ಮೈಕ್ರೋಸಾಫ್ಟ್ ಸೈಟಿಂದಲೇ ಇಳಿಸಿ ಹಾಕಿದೆ. ಎರಡು ನಿಮಿಷದ ಕೆಲಸ. ಅವತ್ತೇ ಕ್ಯಾಬಿನೆಟ್ ಮೇಲೆ ಒಂದು ಚೀಟಿ ಅಂಟಿಸಿ ಮಾರ್ಕರ್‌ನಲ್ಲಿ ಬರೆದೆ: ಸಿಸ್ಟಂ 64, ಬ್ರೌಸರ್ 32, ಜಾವಾ 32, ಸಹಿ ಸಾಫ್ಟ್‌ವೇರ್ 32. ಕಂಪ್ಯೂಟರ್ ಈಗಲೂ ಇದೆ, ನೆಟ್ ಇಲ್ಲದೆ, ಹಳೇ ಟೆಂಡರ್ ಫೈಲುಗಳನ್ನು ತೆರೆಯೋಕೆ. ಚೀಟಿಯ ಅಂಟು ಬಿಟ್ಟಿದೆ, ಮೇಲೆ ಸೆಲ್ಲೋಟೇಪ್ ಹಾಕಿದ್ದೇನೆ.