ಮೊದಲ ಪ್ರಾಂಗ್‌ಹಾರ್ನ್ ಬೇಟೆಗೆ ನಾನು ಸಾರ್ವಜನಿಕ ಭೂಮಿಯನ್ನು ಆರಿಸಿಕೊಂಡ ಬಗೆ

2022ರ ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ವಯೋಮಿಂಗ್ ರಾಜ್ಯದ ಪೂರ್ವಭಾಗದ ಹುಲ್ಲುಗಾವಲಿನಲ್ಲಿ, ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್ ಎಂಬ ಪ್ರಾಣಿಯನ್ನು ನಾನು ಮೊದಲ ಸಲ ಬೇಟೆಯಾಡಿದೆ. ಹಾರಿಸಿದ್ದು ಒಂದೇ ಗುಂಡು, ಬೇಟೆ ನಡೆದದ್ದು ಒಂದೂವರೆ ದಿನ. ಆದರೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದಕ್ಕೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ಕೂತಿದ್ದೆ, ಎರಡು ಬಾರಿ ಹೋಗಿ ನೋಡಿಕೊಂಡು ಬಂದಿದ್ದೆ, ಒಮ್ಮೆ ಸಂಪೂರ್ಣವಾಗಿ ತಪ್ಪು ಜಾಗವನ್ನೂ ಆರಿಸಿದ್ದೆ. ಕೊಲರಾಡೊದಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಕೆಲವರು ಈಗ ಇದೇ ದಾರಿಯಲ್ಲಿ ಹೊರಟಿರುವುದರಿಂದ, ಆ ಆಯ್ಕೆಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ರಾಣೆಬೆನ್ನೂರು ಸೀಮೆ. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತಾರೆ. ಅಭಯಾರಣ್ಯದಿಂದ ಹೊರಬಂದು ಜೋಳದ ಹೊಲ ಮೇಯುತ್ತಿದ್ದ ಹಿಂಡುಗಳನ್ನು ನೋಡುತ್ತಲೇ ನಾನು ಬೆಳೆದವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿರುವ ಆ ಪ್ರಾಣಿಯನ್ನು ಮುಟ್ಟುವಂತಿಲ್ಲ, ಮುಟ್ಟಬಾರದು ಕೂಡ. ಕೊಲರಾಡೊದ ಫೋರ್ಟ್ ಕಾಲಿನ್ಸ್‌ಗೆ ಬಂದ ಮೇಲೆ ಹೆದ್ದಾರಿಯ ಬದಿಯಲ್ಲಿ ಪ್ರಾಂಗ್‌ಹಾರ್ನ್‌ಗಳನ್ನು ಕಂಡಾಗ ಮೊದಲು ನೆನಪಾದದ್ದು ಚಿಗರಿಯೇ. ಜೀವಶಾಸ್ತ್ರದ ಪ್ರಕಾರ ಇವೆರಡಕ್ಕೂ ಹತ್ತಿರದ ನಂಟಿಲ್ಲ. ಅಲ್ಲಿಯವರು ಇದನ್ನು ಆಂಟೆಲೋಪ್ ಎಂದು ಕರೆದರೂ ಇದು ಬೇರೆಯದೇ ಕುಟುಂಬಕ್ಕೆ ಸೇರಿದೆ, ಜೀವಂತ ಪ್ರಾಣಿಗಳಲ್ಲಿ ಜಿರಾಫೆ ಮತ್ತು ಒಕಾಪಿಗಳೇ ಇದರ ಹತ್ತಿರದ ಬಂಧುಗಳು. ಇಲ್ಲಿ ಇದರ ಬೇಟೆ ಕಾನೂನುಬದ್ಧ ಮಾತ್ರವಲ್ಲ, ಲೆಕ್ಕಾಚಾರಕ್ಕೆ ಒಳಪಟ್ಟದ್ದೂ ಹೌದು. ನಾನು ತಿನ್ನುವ ಮಾಂಸವನ್ನು ನಾನೇ ಹೊಣೆ ಹೊತ್ತು ತರಬೇಕೆಂಬ ಆಸೆಯಿಂದ ಬೇಟೆ ಶಿಕ್ಷಣದ ತರಗತಿ ಮುಗಿಸಿ, ಪ್ರಮಾಣಪತ್ರ ಪಡೆದೆ.

ವಯೋಮಿಂಗ್ ಗೇಮ್ ಅಂಡ್ ಫಿಶ್ ಇಲಾಖೆ ಇಡೀ ರಾಜ್ಯವನ್ನು ಸಂಖ್ಯೆ ಕೊಟ್ಟ ಬೇಟೆ ವಲಯಗಳಾಗಿ ವಿಂಗಡಿಸಿದೆ, ಲೈಸೆನ್ಸ್ ಸಿಗುವುದು ಒಂದು ನಿರ್ದಿಷ್ಟ ವಲಯಕ್ಕೆ ಮಾತ್ರ. ಹೀಗಾಗಿ ಅರ್ಜಿ ಹಾಕುವ ಕ್ಷಣದಲ್ಲೇ ಜಾಗದ ನಿರ್ಧಾರ ಆಗಿಬಿಟ್ಟಿರುತ್ತದೆ. ಹೊರರಾಜ್ಯದವರಿಗೆ ಗಂಡು ಅಥವಾ ಹೆಣ್ಣು ಯಾವುದನ್ನಾದರೂ ಹೊಡೆಯಲು ಅವಕಾಶವಿರುವ ಲೈಸೆನ್ಸ್‌ನಲ್ಲಿ ಮುಕ್ಕಾಲು ಪಾಲು, ವರ್ಷವರ್ಷ ಕೂಡಿಟ್ಟ ಆದ್ಯತಾ ಅಂಕಗಳು ಹೆಚ್ಚಿರುವವರಿಗೆ ಹೋಗುತ್ತದೆ, ಉಳಿದ ಕಾಲು ಪಾಲು ಚೀಟಿ ಎತ್ತಿದಂತೆ ಹಂಚಿಕೆಯಾಗುತ್ತದೆ. ನಾನು ಅರ್ಜಿ ಹಾಕಿದ ವರ್ಷ ಅದರ ಸಾಮಾನ್ಯ ಶುಲ್ಕ 326 ಡಾಲರ್ ಇತ್ತು. ಹೆಣ್ಣು ಅಥವಾ ಮರಿಗೆ ಮೀಸಲಾದ ಲೈಸೆನ್ಸ್‌ಗೆ 34 ಡಾಲರ್ ಮಾತ್ರ, ಅದಕ್ಕೆ ಅಂಕಗಳ ಲೆಕ್ಕವೂ ಇಲ್ಲ. ಮೊದಲ ಸಲ ಹೋಗುವವನಿಗೆ ಕೊಂಬಿನ ಅಳತೆಗಿಂತ ಹತ್ತಿರ ಸರಿಯುವುದು, ಗಾಳಿ ನೋಡುವುದು, ಮಾಂಸ ಕೆಡದಂತೆ ಕಾಯುವುದು ಇವೇ ಕಲಿಯಬೇಕಾದ ವಿದ್ಯೆ ಎಂದು ನನಗೆ ಅನ್ನಿಸಿದ್ದರಿಂದ ಹೆಣ್ಣಿನ ಲೈಸೆನ್ಸ್‌ಗೇ ನಿರ್ಧರಿಸಿದೆ. ಈ ನಿರ್ಧಾರದ ಬಗ್ಗೆ ಇವತ್ತಿಗೂ ನನಗೆ ಪೂರ್ತಿ ಸಮಾಧಾನವಿದೆ.

ನಂತರ ಇಲಾಖೆಯ ವರದಿಗಳನ್ನು ಹರಡಿಕೊಂಡು ಕೂತೆ. ಪ್ರತಿ ವಲಯಕ್ಕೂ ಎಷ್ಟು ಲೈಸೆನ್ಸ್, ಎಷ್ಟು ಅರ್ಜಿ, ಬೇಟೆಗಾರರಲ್ಲಿ ಶೇಕಡಾ ಎಷ್ಟು ಮಂದಿಗೆ ಪ್ರಾಣಿ ಸಿಕ್ಕಿತು, ಒಂದು ಪ್ರಾಣಿಗೆ ಸರಾಸರಿ ಎಷ್ಟು ದಿನ ಹಿಡಿಯಿತು ಎಂಬ ಅಂಕಿಗಳು ಅದರಲ್ಲಿ ಇರುತ್ತವೆ. ಲೈಸೆನ್ಸ್ ಸುಲಭವಾಗಿ ಸಿಗುವ, ಯಶಸ್ಸಿನ ಪ್ರಮಾಣವೂ ಶೇಕಡಾ 80ರ ಮೇಲಿರುವ ವಲಯಗಳು ಕಣ್ಣಿಗೆ ಬಿದ್ದಾಗ ಕೆಲಸ ಮುಗಿಯಿತು ಎಂದೇ ತಿಳಿದೆ. ನನ್ನ ತಪ್ಪು ಶುರುವಾದದ್ದು ಅಲ್ಲಿಯೇ. ಬೇಡಿಕೆ ಕಡಿಮೆಯಿದ್ದೂ ಯಶಸ್ಸು ಹೆಚ್ಚಿದ್ದರೆ ಅದಕ್ಕೊಂದು ಕಾರಣವಿರುತ್ತದೆ, ಆ ಕಾರಣ ಬಹಳ ಸಲ ಖಾಸಗಿ ಜಮೀನು. ಜಾನುವಾರು ಸಾಕುವ ದೊಡ್ಡ ರ್ಯಾಂಚ್‌ಗಳಲ್ಲಿ ಹಣ ಕೊಟ್ಟು ಅಥವಾ ಪರಿಚಯದ ಮೇಲೆ ಬೇಟೆಯಾಡುವವರೇ ಆ ಶೇಕಡಾ ಪ್ರಮಾಣವನ್ನು ಏರಿಸಿರುತ್ತಾರೆ, ಹೊರಗಿನಿಂದ ಬಂದವನಿಗೆ ಬೇಲಿಯ ಆಚೆ ನಿಂತು ಹಿಂಡು ನೋಡುವುದಷ್ಟೇ ಉಳಿಯುತ್ತದೆ. ಸಾರ್ವಜನಿಕ ಪ್ರವೇಶ ಕಷ್ಟವಿರುವ ವಲಯಗಳಿಗೆ ಇಲಾಖೆಯ ನಿಯಮಾವಳಿಯಲ್ಲೇ ಎಚ್ಚರಿಕೆಯ ಗುರುತು ಇರುತ್ತದೆ. ಅದನ್ನು ನಾನು ಓದಿದ್ದೆ, ಆದರೆ ಅದರ ತೂಕ ಅರಿತಿರಲಿಲ್ಲ.

ಆಮೇಲೆ ನಕ್ಷೆಗಳು. ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೋ, ಅಂದರೆ ಬಿಎಲ್‌ಎಂ, ಪ್ರಕಟಿಸುವ ನಕ್ಷೆಗಳಲ್ಲಿ ಅದರ ಸ್ವಂತ ಭೂಮಿ ಹಳದಿ, ರಾಜ್ಯದ ಭೂಮಿ ನೀಲಿ, ಅರಣ್ಯ ಸೇವೆಯದು ಹಸಿರು, ಖಾಸಗಿ ಜಮೀನು ಬಿಳಿ. ನಮ್ಮೂರಿನ ಗಾಯರಾಣದ ಹಾಗೆ ಇದು ಎಲ್ಲರದ್ದು ಎಂದು ಹಳದಿ ಕಂಡಲ್ಲೆಲ್ಲ ಮನಸ್ಸು ಹಿಗ್ಗುತ್ತಿತ್ತು. ಆದರೆ ಗಾಯರಾಣಕ್ಕೆ ಹೋಗುವ ದಾರಿ ಊರಿನ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ತಡೆಯುವುದಿಲ್ಲ. ಇಲ್ಲಿ ಸುತ್ತಲೂ ಬಿಳಿ ಇದ್ದು ನಡುವೆ ಹಳದಿ ಇದ್ದರೆ, ಆ ಹಳದಿಗೆ ಹೋಗುವ ದಾರಿಯೇ ಇಲ್ಲದಿರಬಹುದು. ದಕ್ಷಿಣ ವಯೋಮಿಂಗ್‌ನಲ್ಲಿ ಇದು ಚದುರಂಗದ ಹಾಸಿನಂತೆಯೇ ಕಾಣುತ್ತದೆ. ಯೂನಿಯನ್ ಪೆಸಿಫಿಕ್ ರೈಲು ಹಾಕುವಾಗ 1862 ಮತ್ತು 1864ರ ಕಾಯಿದೆಗಳ ಅನ್ವಯ ಹಳಿಯ ಎರಡೂ ಬದಿಗೆ ಇಪ್ಪತ್ತು ಮೈಲಿಯವರೆಗೆ, ಒಂದು ಚದರ ಮೈಲಿಯ ತುಂಡುಗಳಲ್ಲಿ ಒಂದು ಬಿಟ್ಟು ಒಂದನ್ನು ಸರ್ಕಾರ ರೈಲು ಕಂಪನಿಗೆ ಕೊಟ್ಟಿತು, ನಡುವಿನವು ಸರ್ಕಾರದ ಬಳಿ ಉಳಿದವು. ಎರಡು ಸರ್ಕಾರಿ ತುಂಡುಗಳು ಮೂಲೆಯಲ್ಲಿ ಮಾತ್ರ ಕೂಡುತ್ತವೆ. ಆ ಮೂಲೆಯನ್ನು ದಾಟಿ ಕಾಲಿಟ್ಟರೆ ಖಾಸಗಿ ಜಮೀನಿನ ಮೇಲಿನ ಗಾಳಿಯಲ್ಲಿ ಅತಿಕ್ರಮಣ ಮಾಡಿದಂತೆಯೇ ಎಂಬ ಪ್ರಶ್ನೆ ಆಗ ನ್ಯಾಯಾಲಯದಲ್ಲಿತ್ತು. ಎಲ್ಕ್ ಮೌಂಟನ್ ಬಳಿ ಹಾಗೆ ದಾಟಿದ ಮಿಸೌರಿಯ ನಾಲ್ವರು ಬೇಟೆಗಾರರು 2022ರ ವಸಂತದಲ್ಲಿ ಕ್ರಿಮಿನಲ್ ಆರೋಪದಿಂದ ಮುಕ್ತರಾಗಿದ್ದರೂ, ಅವರ ಮೇಲಿನ ಸಿವಿಲ್ ದಾವೆ ಮುಗಿದಿರಲಿಲ್ಲ. ವಲಸಿಗನಾದ ನನಗೆ ಪೊಲೀಸ್ ದಾಖಲೆಯ ಒಂದು ಗೆರೆಯೂ ದುಬಾರಿ. ಆದ್ದರಿಂದ ಮೂಲೆಯಿಂದ ಮಾತ್ರ ತಲುಪಬಹುದಾದ ಎಲ್ಲ ತುಂಡುಗಳನ್ನೂ ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದೆ.

ಅಷ್ಟು ಎಚ್ಚರ ವಹಿಸಿದ ಮೇಲೂ ಮೊದಲ ಆಯ್ಕೆ ಕೈಕೊಟ್ಟಿತು. ರಾಜ್ಯದ ಈಶಾನ್ಯ ಮೂಲೆಯ ಒಂದು ವಲಯದಲ್ಲಿ ಸುಮಾರು ಹನ್ನೆರಡು ಚದರ ಮೈಲಿಯ ಹಳದಿ ಪಟ್ಟಿ ಇತ್ತು, ಅದರೊಳಕ್ಕೆ ಮಣ್ಣಿನ ರಸ್ತೆಯ ಗೆರೆಯೂ ಹಾದಿತ್ತು. ಅರ್ಜಿಯ ಗಡುವು ಜೂನ್ ಆರಂಭದಲ್ಲಿದ್ದುದರಿಂದ ಮೇ ಮಧ್ಯದ ಒಂದು ಶನಿವಾರ ಕಾರು ತೆಗೆದುಕೊಂಡು ನೋಡಲು ಹೊರಟೆ. ಹಳದಿ ಪಟ್ಟಿ ಇನ್ನೂ ಎರಡು ಮೈಲಿ ದೂರವಿರುವಾಗಲೇ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು, ಸರಪಳಿ, ಬೀಗ. ನಕ್ಷೆಯಲ್ಲಿ ರಸ್ತೆ ಇತ್ತು, ಆದರೆ ಅದು ಸಾರ್ವಜನಿಕ ರಸ್ತೆಯಾಗಿರಲಿಲ್ಲ, ಬಿಳಿ ಜಮೀನಿನೊಳಗಿನ ಖಾಸಗಿ ದಾರಿಯಾಗಿತ್ತು. ಗೇಟಿನ ಆಚೆ, ಕಾಲು ಮೈಲಿ ದೂರದಲ್ಲಿ, ಹದಿನಾಲ್ಕು ಪ್ರಾಂಗ್‌ಹಾರ್ನ್‌ಗಳು ಮೇಯುತ್ತಿದ್ದವು. ಜಮೀನಿನ ಮಾಲೀಕರನ್ನು ಫೋನಿನಲ್ಲಿ ಸಂಪರ್ಕಿಸಿ ಅನುಮತಿ ಕೇಳಿದೆ. ಅವರು ಸೌಜನ್ಯದಿಂದಲೇ ಇಲ್ಲವೆಂದರು, ಅದು ಅವರ ಹಕ್ಕು. ಮನೆಗೆ ಮರಳುವ ನಾಲ್ಕೂವರೆ ಗಂಟೆಯ ದಾರಿಯಲ್ಲಿ ನನ್ನ ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. ಪ್ರಾಣಿ ಎಲ್ಲಿ ಹೆಚ್ಚಿದೆ, ಲೈಸೆನ್ಸ್ ಎಲ್ಲಿ ಸುಲಭ ಎಂದು ಕೇಳುವುದಕ್ಕೆ ಮೊದಲು, ಕೌಂಟಿ ರಸ್ತೆಯಲ್ಲಿ, ಅಂದರೆ ಜಿಲ್ಲಾಡಳಿತದ ಸಾರ್ವಜನಿಕ ರಸ್ತೆಯಲ್ಲಿ, ಕಾರು ನಿಲ್ಲಿಸಿ ಯಾರನ್ನೂ ಕೇಳದೆ ನಾನು ಎಲ್ಲೆಲ್ಲಿ ಕಾಲಿಡಬಹುದು ಎಂದು ಕೇಳಬೇಕಿತ್ತು.

ಈ ಪ್ರಶ್ನೆಯನ್ನು ಹಿಡಿದು ನೋಡಿದಾಗ ಥಂಡರ್ ಬೇಸಿನ್ ರಾಷ್ಟ್ರೀಯ ಹುಲ್ಲುಗಾವಲು ಎದ್ದು ಕಂಡಿತು. ಐದು ಲಕ್ಷ ಎಕರೆಗೂ ಮಿಕ್ಕಿದ ಈ ಭೂಮಿ ಅರಣ್ಯ ಸೇವೆಯ ಅಧೀನದಲ್ಲಿದೆ, ನಮ್ಮ ಮನೆಯಿಂದ ಎರಡೂವರೆ ಗಂಟೆ ಪ್ರಯಾಣದ ಡಗ್ಲಸ್ ಊರಿನಿಂದ ಉತ್ತರಕ್ಕೆ ಹಬ್ಬಿದೆ. ಇದರ ಹಿಂದಿನ ಕತೆ ನನಗೆ ತುಂಬ ಹತ್ತಿರದ್ದು ಅನ್ನಿಸಿತು. 1930ರ ದಶಕದ ಬರ ಮತ್ತು ಧೂಳಿನ ವರ್ಷಗಳಲ್ಲಿ ಒಣಬೇಸಾಯ ನೆಚ್ಚಿ ಬಂದ ಕುಟುಂಬಗಳು ಸೋತು ಹೋದಾಗ, ಸರ್ಕಾರ ಅವರ ಜಮೀನುಗಳನ್ನು ಕೊಂಡು ಮತ್ತೆ ಹುಲ್ಲು ಬೆಳೆಸಿತು. 1937ರ ಒಂದು ಕಾಯಿದೆ ಅದಕ್ಕೆ ಬಲ ಕೊಟ್ಟಿತು, 1960ರಲ್ಲಿ ಇಂಥ ಭೂಮಿಗಳಿಗೆ ರಾಷ್ಟ್ರೀಯ ಹುಲ್ಲುಗಾವಲು ಎಂಬ ಹೆಸರು ಬಂದಿತು. ಮಾರಿದವರ ತುಂಡುಗಳು ಸರ್ಕಾರಕ್ಕೆ, ಉಳಿಸಿಕೊಂಡವರ ತುಂಡುಗಳು ಖಾಸಗಿಗೆ. ಹಾಗಾಗಿ ಇಲ್ಲಿಯೂ ನಕ್ಷೆ ಚಿಂದಿ ಹೊಲಿದ ಕೌದಿಯಂತೆಯೇ ಇದೆ. ಆದರೂ ಇದರ ನಡುವೆ ಕೌಂಟಿ ರಸ್ತೆಗಳು ಹಾಯುತ್ತವೆ, ರಸ್ತೆಗೆ ತಾಗಿದ ಹಸಿರು ತುಂಡುಗಳು ಹಲವಿವೆ, ಕೆಲವೆಡೆ ಅವು ಒಂದಕ್ಕೊಂದು ಪಕ್ಕದಂಚಿನಲ್ಲಿಯೇ ಕೂಡಿ ಮೈಲಿಗಟ್ಟಲೆ ಸಾಗುತ್ತವೆ. ಕಲ್ಲಿದ್ದಲು ಗಣಿಗಳ ಸುತ್ತಲಿನ ಜಾಗಗಳನ್ನು ಬಿಟ್ಟು, ಇದರೊಳಗೆ ಬರುವ ಎರಡು ಬೇಟೆ ವಲಯಗಳನ್ನು ಪಟ್ಟಿ ಮಾಡಿದೆ. ಹಿಂದಿನ ವರ್ಷದ ಹಂಚಿಕೆಯ ವರದಿ ನೋಡಿ, ಹೆಣ್ಣಿನ ಲೈಸೆನ್ಸ್ ಸಿಗುವ ಸಾಧ್ಯತೆ ಹೆಚ್ಚಿದ್ದುದಕ್ಕೆ ಅರ್ಜಿ ಹಾಕಿದೆ. ವಲಯದ ಸಂಖ್ಯೆಯನ್ನು ಇಲ್ಲಿ ಕೊಡುವುದಿಲ್ಲ, ಏಕೆಂದರೆ ಲೈಸೆನ್ಸ್ ಸಂಖ್ಯೆಯನ್ನು ಇಲಾಖೆ ಪ್ರತಿ ವರ್ಷವೂ ಬದಲಾಯಿಸುತ್ತದೆ. ಜೂನ್‌ನಲ್ಲಿ ಫಲಿತಾಂಶ ಬಂದಾಗ ನನ್ನ ಹೆಸರಿತ್ತು.

ಆಗಸ್ಟ್‌ನಲ್ಲಿ ಎರಡು ರಾತ್ರಿ ಅಲ್ಲಿ ಉಳಿದೆ. ನನ್ನ ಜೊತೆಗೆ ಬಂದವರು ನಮ್ಮ ಬೀದಿಯಲ್ಲೇ ಇರುವ, ನಲವತ್ತು ವರ್ಷ ಬೇಟೆಯಾಡಿದ ಹಿರಿಯರೊಬ್ಬರು. ಹಿಂಡುಗಳನ್ನು ಎಣಿಸಬೇಡ, ನೀರು ಮತ್ತು ಬೇಲಿ ನೋಡು ಎಂದು ಅವರು ಮೊದಲ ದಿನವೇ ಹೇಳಿದರು. ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರಿ ಓಡಬಲ್ಲ ಈ ಪ್ರಾಣಿ ಬೇಲಿ ಹಾರಲು ಹಿಂಜರಿಯುತ್ತದೆ, ಕೆಳಗಿನ ತಂತಿಯಡಿ ನುಸುಳಿ ಹೋಗುತ್ತದೆ. ಆದ್ದರಿಂದ ನಾವು ಸಾರ್ವಜನಿಕ ಭೂಮಿಯ ಅಂಚಿನ ಬೇಲಿಗಳನ್ನು ನಡೆದೇ ನೋಡಿದೆವು. ಕುರಿಗಳಿಗಾಗಿ ಬಲೆಯಂತೆ ಹೆಣೆದ ತಂತಿ ಇರುವ ಕಡೆ ಹೆಜ್ಜೆ ಗುರುತೇ ಇರಲಿಲ್ಲ. ಕೆಳತಂತಿ ಮೊಣಕಾಲೆತ್ತರಕ್ಕೆ ಇರುವ ಒಂದು ಜಾಗದಲ್ಲಿ ಮಣ್ಣು ಸವೆದು ತಗ್ಗಾಗಿತ್ತು, ತಂತಿಯ ಮುಳ್ಳಿನಲ್ಲಿ ಬಿಳಿ, ಕಂದು ಕೂದಲು ಗೊಂಚಲಾಗಿ ಸಿಕ್ಕಿಕೊಂಡಿತ್ತು. ಅಲ್ಲಿಂದ ಮುಕ್ಕಾಲು ಮೈಲಿ ದೂರದ ತಗ್ಗಿನಲ್ಲಿ ದನಗಳಿಗಾಗಿ ಕಟ್ಟಿದ ಸಣ್ಣ ಕೆರೆ ಇತ್ತು. ಈ ಎರಡರ ನಡುವಿನ ದಿಬ್ಬವನ್ನು ನಾನು ಅಂದೇ ಗುರುತು ಮಾಡಿಕೊಂಡೆ.

ಅವರು ಕೊಟ್ಟ ಇನ್ನೊಂದು ಎಚ್ಚರಿಕೆಯನ್ನು ವಿವರಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಇಲ್ಲಿಯ ಮಣ್ಣಿಗೆ ಗಂಬೊ ಎನ್ನುತ್ತಾರೆ, ಮಳೆ ಬಿದ್ದರೆ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ವಾಹನವೂ ಅಲ್ಲಾಡದು ಎಂದರು. ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದೆ, ನಮ್ಮ ಎರೆಮಣ್ಣಿನದೇ ಜಾತಿ. ಎರೆ ಹೊಲದಲ್ಲಿ ಚಕ್ಕಡಿ ಹೂತು ಎತ್ತು ಬಿಚ್ಚಿ ಮನೆಗೆ ಬಂದ ದಿನಗಳು ನನಗೆ ಗೊತ್ತು. ಹಾಗಾಗಿ ಜಲ್ಲಿ ಹಾಕಿದ ಕೌಂಟಿ ರಸ್ತೆಯಿಂದ ಕಾಲ್ನಡಿಗೆಯಲ್ಲಿ ತಲುಪಬಹುದಾದ ತುಂಡುಗಳನ್ನೇ ಇಟ್ಟುಕೊಂಡು, ಬರಿಯ ಗಾಡಿಜಾಡಿನ ಕೊನೆಯಲ್ಲಿದ್ದ ಎರಡು ಒಳ್ಳೆಯ ಜಾಗಗಳನ್ನು ಕೈಬಿಟ್ಟೆ. ಡೇರೆಯನ್ನು ಹುಲ್ಲುಗಾವಲಿನ ಭೂಮಿಯಲ್ಲೇ ಹಾಕಿದೆವು. ನೀಲಿ ಬಣ್ಣದ ರಾಜ್ಯ ಭೂಮಿಯಲ್ಲಿ ಬೇಟೆಗೆ ಅವಕಾಶವಿದ್ದರೂ ರಾತ್ರಿ ತಂಗುವಂತಿಲ್ಲ. ಖಾಸಗಿ ಮಾಲೀಕರು ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ಬೇಟೆಗೆ ತೆರೆದಿಡುವ ನಡಿಗೆ ಪ್ರದೇಶಗಳನ್ನೂ ಪರ್ಯಾಯವಾಗಿ ಗುರುತಿಸಿಕೊಂಡಿದ್ದೆ, ಆದರೆ ಅವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅವುಗಳನ್ನೇ ನೆಚ್ಚಿಕೊಳ್ಳಲಿಲ್ಲ.

ಋತುವಿನ ಮೊದಲ ಶನಿವಾರ, ಭಾನುವಾರ ಜನ ತುಂಬುತ್ತಾರೆ, ಪ್ರಾಣಿಗಳು ಬೆದರಿ ಖಾಸಗಿ ಹೊಲಗಳಿಗೆ ಸರಿಯುತ್ತವೆ. ಅದನ್ನು ಲೆಕ್ಕ ಹಾಕಿ ನಾನು ಎರಡನೆಯ ವಾರದ ಸೋಮವಾರ ಮಧ್ಯಾಹ್ನ ತಲುಪಿದೆ. ಆ ಸಂಜೆ ದಿಬ್ಬದಿಂದ ನೋಡಿದ ಮೂರು ಹಿಂಡುಗಳೂ ಬಿಳಿ ಜಮೀನಿನಲ್ಲಿದ್ದವು. ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆರು ಹೆಣ್ಣುಗಳ ಹಿಂಡೊಂದು ಅದೇ ತಂತಿಯ ತಗ್ಗಿನಲ್ಲಿ ಒಂದೊಂದಾಗಿ ನುಸುಳಿ ಕೆರೆಯ ಕಡೆ ಇಳಿಯಿತು. ಗಾಳಿ ನನ್ನ ಮುಖಕ್ಕೇ ಇತ್ತು. ಗಡಿ ರೇಖೆಯಿಂದ ನಾನೂ ಪ್ರಾಣಿಯೂ ಒಳಗಿದ್ದೇವೆಂದು ಫೋನಿನ ನಕ್ಷೆಯಲ್ಲಿ ಎರಡು ಸಲ ಖಚಿತಪಡಿಸಿಕೊಂಡು, ಸುಮಾರು 170 ಗಜ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತಿದ್ದ ಹೆಣ್ಣಿಗೆ ಗುಂಡಿಟ್ಟೆ. ಅದು ಮೂವತ್ತು ಹೆಜ್ಜೆಯೊಳಗೆ ಬಿದ್ದಿತು. ಬಹಳ ಹೊತ್ತು ಅದರ ಬಳಿ ಸುಮ್ಮನೆ ಕೂತಿದ್ದೆ. ಬಿಸಿಲೇರುವ ಮೊದಲು ಚರ್ಮ ಬಿಡಿಸಿ, ಮಾಂಸವನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಒಂದೂಕಾಲು ಮೈಲಿ ದೂರದ ಕಾರಿಗೆ ಎರಡು ಸಲ ಹೊತ್ತು ತಂದು ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸಿದೆ. ರಸ್ತೆಯಿಂದ ಇರುವ ದೂರಕ್ಕೂ ಮಾಂಸದ ರುಚಿಗೂ ನೇರ ಸಂಬಂಧವಿದೆ ಎಂಬುದು ಆ ಎರಡನೆಯ ಹೊರೆಯಲ್ಲಿ ನನಗೆ ಮನವರಿಕೆಯಾಯಿತು. ಸಂಜೆ ಫೋನಿನಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಯಾರ ಹೊಲದಾಗ?" ಎಂಬುದಾಗಿತ್ತು. ಸರ್ಕಾರದ ಹುಲ್ಲುಗಾವಲು, ಯಾರು ಬೇಕಾದರೂ ಹೋಗಬಹುದು ಎಂದಾಗ ಅವರು, "ಹಂಗಾರ ಗಾಯರಾಣ ಅನ್ನು" ಎಂದರು.

ಅದಾದ ಮೇಲೆ ಹಲವು ಸಂಗತಿಗಳು ಬದಲಾಗಿವೆ. 2022–23ರ ಚಳಿಗಾಲ ಪಶ್ಚಿಮ ಮತ್ತು ದಕ್ಷಿಣ ವಯೋಮಿಂಗ್‌ನಲ್ಲಿ ಭೀಕರವಾಗಿತ್ತು, ಅಪಾರ ಸಂಖ್ಯೆಯಲ್ಲಿ ಪ್ರಾಂಗ್‌ಹಾರ್ನ್‌ಗಳು ಸತ್ತವು, ಪೈನ್‌ಡೇಲ್ ಸುತ್ತಮುತ್ತ ಶ್ವಾಸಕೋಶದ ರೋಗವೂ ಹರಡಿತು, ಅಲ್ಲಿ ಲೈಸೆನ್ಸ್‌ಗಳನ್ನು ಬಹಳ ಕಡಿಮೆ ಮಾಡಲಾಯಿತು. ಆ ಭಾಗದ ವಲಯಕ್ಕೆ ಅರ್ಜಿ ಹಾಕುವವರು ಹಳೆಯ ವರದಿಯ ಶೇಕಡಾ ಪ್ರಮಾಣಗಳನ್ನು ನಂಬಬಾರದು. 2024ರಿಂದ ಹೊರರಾಜ್ಯದವರ ವಿಶೇಷ ಲೈಸೆನ್ಸ್, ಅಂದರೆ ಹೆಚ್ಚು ಹಣ ಕೊಟ್ಟು ಪ್ರತ್ಯೇಕ ಹಂಚಿಕೆಯಲ್ಲಿ ಅರ್ಜಿ ಹಾಕುವ ಲೈಸೆನ್ಸ್‌ನ ಶುಲ್ಕ 1,200 ಡಾಲರ್‌ಗೆ ಏರಿದೆ. ಮೂಲೆ ದಾಟುವ ಪ್ರಶ್ನೆಯಲ್ಲಿ 2025ರ ಮಾರ್ಚ್‌ನಲ್ಲಿ ಹತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಖಾಸಗಿ ನೆಲವನ್ನು ಮುಟ್ಟದೆ, ಯಾವುದಕ್ಕೂ ಹಾನಿ ಮಾಡದೆ, ಒಂದು ಸರ್ಕಾರಿ ತುಂಡಿನಿಂದ ಇನ್ನೊಂದಕ್ಕೆ ಕಾಲಿಡುವುದು ಈಗ ವಯೋಮಿಂಗ್‌ನಲ್ಲಿ ಸಾಧ್ಯವಾಗಿದೆ. ನಾನು ಕೆಂಪು ಶಾಯಿಯಿಂದ ಹೊಡೆದಿದ್ದ ತುಂಡುಗಳ ಪುಟವನ್ನು ಮತ್ತೆ ತೆರೆದಿದ್ದೇನೆ. ಅವುಗಳಲ್ಲಿ ನಾಲ್ಕಕ್ಕೆ ಕೌಂಟಿ ರಸ್ತೆ ಒಂದು ಮೈಲಿಯೊಳಗಿದೆ, ಮೂಲೆಯ ಸರ್ವೇ ಗುರುತು ನೆಲದಲ್ಲಿ ಇದೆಯೇ ಎಂದು ಹುಡುಕಲು ಅರ್ಜಿಯ ಗಡುವಿಗೆ ಮೊದಲೇ, ಮೇ ತಿಂಗಳಲ್ಲಿ ಹೋಗುತ್ತೇನೆ.